ಅಟ್ಟದ ಮೇಲಿನ ಬೇಸರ

ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಹುಟ್ಟಿದವರಿಗೆ ಸದ್ದಿನಿಂದ ಎಚ್ಚರವಾಗುವುದಿಲ್ಲ, ಸದ್ದು ನಿಂತರೆ ಎಚ್ಚರವಾಗುತ್ತದೆ. ನಮ್ಮ ಮನೆಯಲ್ಲಿ ನಡುಮನೆಗೂ ಮಗ್ಗದ ಕೋಣೆಗೂ ಮಧ್ಯೆ ಇದ್ದದ್ದು ಒಂದೇ ಗೋಡೆ. ಆಚೆ ನಾಲ್ಕು ಪವರ್‌ಲೂಮು ಟಕಾಟಕ ಬಡಿಯುತ್ತಿದ್ದರೆ ಈಚೆ ತೊಟ್ಟಿಲಲ್ಲಿ ಕೂಸು ನಿಶ್ಚಿಂತೆಯಾಗಿ ಮಲಗಿರುತ್ತಿತ್ತು. ಕರೆಂಟ್ ಹೋಯಿತೋ, ಕೂಸು ಕಿಟಾರನೆ ಕಿರುಚುತ್ತಿತ್ತು, ಅಜ್ಜಿ 'ಏನಾಯ್ತೋ' ಎಂದು ಎದ್ದು ಕೂರುತ್ತಿದ್ದಳು, ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ಕಂಬ ನೋಡುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳಹೊರಟಿರುವುದು ಬೇಸ್ ಗಿಟಾರಿನ ವಿಚಾರ. ಅದೂ ಇದೇ ಜಾತಿಯದು. ನುಡಿಯುವಾಗ ಯಾರ ಕಿವಿಗೂ ಬೀಳುವುದಿಲ್ಲ, ನಿಂತಾಗ ಎಲ್ಲರೂ ಕಂಬ ನೋಡುತ್ತಾರೆ.

ಈಚೆಗೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟ ಖಾಲಿ ಮಾಡಬೇಕಾಯಿತು. ತೂತುಬಿದ್ದ ಹಂಡೆ, ನಮ್ಮಪ್ಪನ ಕಾಲದ ಲಾಳಿಗಳು, ಮಗಳ ಮೂರು ಚಕ್ರದ ಸೈಕಲ್ಲು ಒಂದೊಂದಾಗಿ ಇಳಿದವು. ಕೊನೆಗೆ ಹಳೇ ಸೀರೆಯಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು. ಬಣ್ಣದ ಹುಡುಗ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಅಂಕಲ್, ಇದ್ರಲ್ಲಿ ಯಾರವ್ರೆ?" ಎಂದು ಗಾಬರಿಯಿಂದ ಕೇಳಿದ. ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: "ರೀ, ನಿಮ್ಮ ಬೇಸರ ಕೆಳಗಿಳೀತು ನೋಡಿ."

ಆ ಹೆಸರಿಟ್ಟದ್ದು ನಮ್ಮಮ್ಮ. ಮೊದಲ ದಿನ ನಾನು ಅದನ್ನು ಮನೆಗೆ ತಂದಾಗ "ಇದು ಬೇಸ್" ಎಂದಿದ್ದೆ. ಹತ್ತು ನಿಮಿಷ ಕೇಳಿ ಅಮ್ಮ "ಇದು ಬೇಸರ" ಎಂದಳು. ಬೇಸ್ ನುಡಿಸುವವನಿಗೆ ಜನ 'ಬೇಷ್' ಎಂದದ್ದನ್ನು ನಾನಂತೂ ಕೇಳಿಲ್ಲ. ಆದ್ದರಿಂದ ಆ ಹೆಸರೇ ನಿಂತಿತು.

1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು ಬೆಂಗಳೂರು ಗ್ರಾಮಾಂತರ ಜಿಲ್ಲೆ ಮಾಡಿದರು. ರಾತ್ರಿ ಮಲಗುವಾಗ ಬೆಂಗಳೂರಿನವರಾಗಿದ್ದ ನಾವು ಬೆಳಿಗ್ಗೆ ಏಳುವಾಗ ಗ್ರಾಮಾಂತರದವರು. ಅದೇ ವರ್ಷ ನಾನು ಊರಿನ ಆರ್ಕೆಸ್ಟ್ರಾ ಸೇರಿದೆ. ಹಾಡುವ ಜಾಗಕ್ಕೆ ಮಾಸ್ಟರ ಭಾವಮೈದ ಇದ್ದ. ಕೀಬೋರ್ಡಿಗೆ ದುಡ್ಡಿದ್ದವನು ಬೇಕಿತ್ತು, ತಬಲಾಕ್ಕೆ ಕಲಿತವನು ಬೇಕಿತ್ತು. ದುಡ್ಡೂ ಇಲ್ಲದ, ಕಲಿತೂ ಇಲ್ಲದ ನನ್ನನ್ನು ಮಾಸ್ಟರು ಅಡಿಯಿಂದ ಮುಡಿಯವರೆಗೆ ನೋಡಿ, "ನಾಲ್ಕೇ ತಂತಿ ಕಣಯ್ಯ, ನಿನಗೂ ನಾಲ್ಕು ಬೆರಳಿವೆ, ಹೆಬ್ಬೆಟ್ಟು ಬಿಟ್ಟು" ಎಂದು ಅದನ್ನು ನನ್ನ ಕೊರಳಿಗೆ ಹಾಕಿದರು. ಹಾರ ಹಾಕಿದಂತೆ ಆಗಲಿಲ್ಲ, ನೊಗ ಹಾಕಿದಂತಾಯಿತು.

ಆಗ ಕ್ಯಾಸೆಟ್ಟಿನಲ್ಲಿ ಬೇಸಿಗೆ ಬಲು ಮರ್ಯಾದೆ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಹಾಡುಗಳನ್ನು ಕಿವಿಗೊಟ್ಟು ಕೇಳಿದವರಿಗೆ ಗೊತ್ತು. ಇಳಯರಾಜ ಅವುಗಳಲ್ಲಿ ಬೇಸನ್ನು ಹಾಡಿನ ಹಿಂದೆ ಚೀಲ ಹೊರುವ ಆಳಾಗಿಸದೆ, ಪಕ್ಕದಲ್ಲಿ ಮಾತಾಡಿಕೊಂಡು ನಡೆಯುವ ಗೆಳೆಯನಾಗಿಸಿದ್ದರು. ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಪಳಗಿದವರು ಎಂಬುದರಲ್ಲಿ ನಮ್ಮ ಮಾಸ್ಟರಿಗೆ ಸ್ವಂತ ಸಾಧನೆಯಷ್ಟು ಹೆಮ್ಮೆ. ನಾನು ಒಂದು ಪ್ರೋಗ್ರಾಮಿಗೆ ಎಪ್ಪತ್ತೈದು ರೂಪಾಯಿ ಸಂಬಳದಲ್ಲಿ ಆ ಗೆಳೆಯನ ಪಾತ್ರ ಮಾಡಲು ಹೊರಟೆ. ನೆಲಮಂಗಲದ ಗಣೇಶನ ಪೆಂಡಾಲು, ಹೊಸಕೋಟೆಯ ಮದುವೆ ಆರತಕ್ಷತೆ, ದೇವನಹಳ್ಳಿಯಲ್ಲಿ ಸಂಭಾವನೆಯ ಜೊತೆಗೆ ತಲಾ ಒಂದೊಂದು ಚಕ್ಕೋತ. ಆದರೆ ಬಾಡಿಗೆಗೆ ಬರುತ್ತಿದ್ದದ್ದು ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರು. ಅದರ ಗಂಟಲು ಹೆಣ್ಣು ದನಿಗೆ, ಶಹನಾಯಿಗೆ, 'ಕಳೆದುಹೋದ ಮಗು ಸ್ಟೇಜಿನ ಹತ್ತಿರ ಇದೆ' ಎಂಬ ಪ್ರಕಟಣೆಗೆ ಹೇಳಿ ಮಾಡಿಸಿದ್ದು. ಬೇಸಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ದನಿ ಹಾರ್ನಿನ ಬಾಯಿಂದ ಹೊರಗೇ ಬರುವುದಿಲ್ಲ. ಮೂರು ವರ್ಷ ನಾನು ನುಡಿಸಿದ್ದು ನನಗೂ ದೇವರಿಗೂ ಬಿಟ್ಟರೆ ಯಾರಿಗೂ ಕೇಳಿಸಿರಲಾರದು.

ತಪ್ಪಾಯಿತು, ಒಮ್ಮೆ ಕೇಳಿಸಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಯಾರೋ ಪುಣ್ಯಾತ್ಮರು ದೊಡ್ಡ ಪೆಟ್ಟಿಗೆ ಸ್ಪೀಕರು ತರಿಸಿದ್ದರು. ಎರಡನೆಯ ಹಾಡಿಗೆ ರುಮಾಲು ಸುತ್ತಿದ ರೈತರೊಬ್ಬರು ಸೀದಾ ಸ್ಟೇಜಿಗೆ ಬಂದು ನನ್ನೆದುರು ಕೈಮುಗಿದರು. ಮೊದಲ ಅಭಿಮಾನಿ ಎಂದು ನಾನು ಬಗ್ಗಿದೆ. "ಸಾಮಿ, ಹಾಡು ನಡೀಲಿ. ಆ ದಪ್ಪ ತಂತಿ ಮಾತ್ರ ಮುಟ್ಟಬ್ಯಾಡಿ, ಹೋರಿ ಬೆದರ್ತವೆ" ಎಂದರು. ನನ್ನ ಬೇಸನ್ನು ಗಮನವಿಟ್ಟು ಕೇಳಿದವು ಆ ಎರಡು ಹಳ್ಳಿಕಾರ್ ಹೋರಿಗಳು.

ಈಗ ಗಂಟು ಬಿಚ್ಚೋಣ. ತಲೆಯ ಮೇಲೆ ಕಂಪನಿಯ ಹೆಸರು ಉಜ್ಜಿಹೋಗಿ, ಇಂಗ್ಲಿಷಿನ ಕೊನೆಯ 'ಆರ್' ಒಂದೇ ಉಳಿದಿತ್ತು. ಅದು ನಾನು ಸೇರಿದಾಗಲೇ ಹಾಗಿತ್ತು. ಅದರ ಮೇಲೆ ಆರ್ಕೆಸ್ಟ್ರಾದಲ್ಲಿ ಪಂಗಡಗಳೇ ಇದ್ದವು. ಫೆಂಡರ್ ಎಂದು ಮಾಸ್ಟರು. ಹಾಫ್ನರ್ ಎಂದು ಡ್ರಮ್ಮಿನವನು. ರಿಕನ್‌ಬ್ಯಾಕರ್ ಎಂದು, ಎಲ್ಲರಿಗಿಂತ ಉದ್ದದ ಹೆಸರು ಹೇಳಬೇಕೆಂಬ ಹಟದಿಂದ, ಕೀಬೋರ್ಡಿನವನು. ಮಿಕ್ಸರ್ ಎಂದು ನಮ್ಮಮ್ಮ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು. "ಅಪ್ಪಾ, ಅದನ್ನ ಯಾರಿಗೂ ಕೊಡಬೇಡ! ಫೆಂಡರ್ ಆಗಿದ್ದು 1965ರ ಒಳಗಿನದಾದ್ರೆ ಹಲವು ಲಕ್ಷ." ಫೋನಿನ ಸ್ಪೀಕರು ಆನ್ ಇತ್ತು. ಆವತ್ತು ಸಂಜೆ ಬೇಸರಕ್ಕೆ ಹೊಸ ಸೀರೆ ಸುತ್ತಲಾಯಿತು.

ಯಾವ 'ಆರ್' ಎಂದು ತಿಳಿಯಲು ನಾನು ಚರಿತ್ರೆಗೆ ಇಳಿದೆ. ಬೇಸ್ ಗಿಟಾರ್ ಹುಟ್ಟುವ ಮೊದಲು ಆ ಕೆಲಸ ಮಾಡುತ್ತಿದ್ದದ್ದು ಡಬಲ್ ಬೇಸ್, ಅಂದರೆ ಆಳೆತ್ತರದ ಪಿಟೀಲು. ಅದನ್ನು ಹೊತ್ತು ಊರೂರು ತಿರುಗುವುದೆಂದರೆ ಬಾಣಂತಿಯನ್ನೂ ಮಂಚವನ್ನೂ ಒಟ್ಟಿಗೆ ಸಾಗಿಸಿದ ಹಾಗೆ. ಕಾರಿನ ಒಳಗೆ ಹಿಡಿಯದು, ಮೇಲೆ ಕಟ್ಟಿದರೆ ಮಳೆ. ಅಷ್ಟು ಕಷ್ಟಪಟ್ಟು ತಂದರೂ ಡ್ರಮ್ಮಿನ ಮುಂದೆ ಅದರ ದನಿ ಕೇಳದು. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬಾತ ಸುಮಾರು 1936ರಲ್ಲೇ ಇದಕ್ಕೊಂದು ಪರಿಹಾರ ಮಾಡಿದ್ದ. ಗಿಟಾರಿನಂತೆ ಅಡ್ಡ ಹಿಡಿಯುವ, ಮೆಟ್ಟಿಲುಗಳಿರುವ, ಕರೆಂಟಿನಲ್ಲಿ ನುಡಿಯುವ ಬೇಸು. ಹೆಸರು ಆಡಿಯೋವಾಕ್ಸ್ 736. ಕಾಲ ಕೂಡಿ ಬಂದಿರಲಿಲ್ಲ, ಯಾರೂ ಕೊಳ್ಳಲಿಲ್ಲ. ತೀರಾ ಮುಂಚೆ ಹೂ ಬಿಟ್ಟ ಮಾವಿನ ಗತಿಯಾಯಿತು.

ಕಾಲ ಕೂಡಿ ಬಂದದ್ದು ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನ ಲಿಯೋ ಫೆಂಡರನಿಗೆ. ಈ ಮನುಷ್ಯನ ಮೇಲೆ ನನಗೆ ವಿಪರೀತ ಪ್ರೀತಿ ಹುಟ್ಟಿಬಿಟ್ಟಿದೆ. ಲೆಕ್ಕಪತ್ರ ಓದಿದವನು, 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಜಗತ್ತಿನ ಅತಿ ಪ್ರಸಿದ್ಧ ಗಿಟಾರುಗಳನ್ನು ಮಾಡಿದ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಅಡುಗೆ ಬಾರದವನು ಒಲೆ ಕಂಡುಹಿಡಿದಂತೆ. ಆದರೆ ರಿಪೇರಿಯವನಿಗೆ ಒಂದು ಗೊತ್ತಿರುತ್ತದೆ, ಯಾವ ವಸ್ತುವೂ ಇಂದಲ್ಲ ನಾಳೆ ಕೆಟ್ಟು ತನ್ನ ಮೇಜಿಗೇ ಬರುತ್ತದೆಂದು. ಅದಕ್ಕೇ ಅವನು ಗಿಟಾರಿನ ಕತ್ತನ್ನು ಅಂಟು ಹಾಕಿ ಕೂರಿಸಲಿಲ್ಲ. ಬೆನ್ನ ಹಿಂದಿನಿಂದ ನಾಲ್ಕು ತಿರುಪು ಹೊಡೆದ. ಕತ್ತು ಬಾಗಿತೇ? ನಾಲ್ಕು ತಿರುಪು ಬಿಚ್ಚಿ ಹೊಸದು ಹಾಕು. ಬಾಗಿಲಿನ ಕೀಲು ಬದಲಿಸಿದಷ್ಟೇ ಸಲೀಸು. ಪಿಟೀಲು ಪಂಡಿತರು ಮೂಗು ಮುರಿದರು. ಮುರಿಯಲಿ, ನಮ್ಮಂಥವರು ಆ ನಾಲ್ಕು ತಿರುಪಿನ ಮೇಲೆಯೇ ಬದುಕಿದವರು.

1951ರ ಕೊನೆಯಲ್ಲಿ ಬಂದ ಅವನ ಬೇಸಿನ ಹೆಸರು ಪ್ರಿಸಿಷನ್, ಎಂದರೆ ಕರಾರುವಾಕ್ಕು. ಡಬಲ್ ಬೇಸಿನ ಕತ್ತು ನುಣುಪು. ಎಲ್ಲಿ ಒತ್ತಿದರೆ ಯಾವ ಸ್ವರ ಎಂಬುದು ಬೆರಳಿನ ಅಂದಾಜು. ಲಿಯೋ 34 ಇಂಚಿನ ತಂತಿಯ ಕೆಳಗೆ 20 ಮೆಟ್ಟಿಲು ಕೂರಿಸಿದ. ಈ ಮೆಟ್ಟಿಲುಗಳ ಲೆಕ್ಕ ಬಲು ಸೊಗಸಾಗಿದೆ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೆ ಮಾಡುತ್ತಾ ಹೋದರೆ ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 17 ಇಂಚಿಗೆ ಬಂದು ನಿಲ್ಲುತ್ತದೆ. ಲೆಕ್ಕಪತ್ರದವನಿಗೆ ಇದಕ್ಕಿಂತ ಸುಖ ಬೇರೆ ಏನಿದೆ? ಮೇಲಿನ ಕೊಂಬನ್ನು ಉದ್ದ ಎಳೆದ, ಪಟ್ಟಿ ಹಾಕಿಕೊಂಡರೆ ತೂಕ ಒಂದೇ ಕಡೆ ವಾಲದಿರಲೆಂದು. ಆದರೆ ಲಿಯೋ ಎಡವಿದ್ದೂ ಉಂಟು. ಬೇಸನ್ನು ಎಲ್ಲರೂ ಹೆಬ್ಬೆರಳಿನಲ್ಲಿ ನುಡಿಸುತ್ತಾರೆಂದು ಭಾವಿಸಿ, ಉಳಿದ ಬೆರಳು ಹಿಡಿಯಲು ತಂತಿಗಳ ಕೆಳಗಡೆ ಒಂದು ಚಿಕ್ಕ ಹಿಡಿ ಇಟ್ಟ. ಜನ ಬೆರಳಿನಲ್ಲಿ ನುಡಿಸಿದರು, ಹಿಡಿಯನ್ನು ಯಾರೂ ಹಿಡಿಯಲಿಲ್ಲ. ಅದು ಅಲ್ಲಿಂದ ಮೇಲ್ಗಡೆಗೆ, ಹೆಬ್ಬೆರಳು ಊರಲು, ಬಂದದ್ದು 1970ರ ದಶಕದಲ್ಲಿ. ಇಪ್ಪತ್ತು ವರ್ಷ ಅದು ನಮ್ಮ ಬಸ್‌ಸ್ಟ್ಯಾಂಡಿನ ದೂರು ಪೆಟ್ಟಿಗೆಯಂತೆ ಸುಮ್ಮನೆ ಅಲ್ಲಿತ್ತು.

1957ರಲ್ಲಿ ಅವನು ಮಾಡಿದ ಇನ್ನೊಂದು ಬದಲಾವಣೆ ನನ್ನ ತನಿಖೆಗೆ ಮುಖ್ಯ. ತಂತಿಯ ಕಂಪನವನ್ನು ಕರೆಂಟಾಗಿಸುವುದು ಅದರ ಕೆಳಗಿನ ಪಿಕಪ್ಪು, ಅಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯ ತಾಮ್ರದ ತಂತಿ ಸುತ್ತಿದ ಸುರುಳಿ. ಸುರುಳಿಗೆ ನಾಚಿಕೆಯಿಲ್ಲ, ತಂತಿಯ ದನಿಯ ಜೊತೆಗೆ ಪಕ್ಕದ ವೈರಿನ 'ಗುಂಯ್' ಸದ್ದನ್ನೂ ಎಳೆದುಕೊಳ್ಳುತ್ತದೆ. ಲಿಯೋ ಅದನ್ನು ಎರಡು ತುಂಡು ಮಾಡಿ ಒಂದರ ಸುತ್ತು, ಅಯಸ್ಕಾಂತ ಎರಡನ್ನೂ ತಿರುವುಮುರುವು ಮಾಡಿದ. ದನಿ ದನಿಗೆ ಕೂಡಿತು, ಗುಂಯ್ ಗುಂಯ್‌ಗೆ ಹೊಡೆದುಹೋಯಿತು. ನಮ್ಮ ಬೇಸರಕ್ಕೆ ಇದ್ದದ್ದೂ ಇದೇ ಎರಡು ತುಂಡಿನ ಪಿಕಪ್ಪು! ಆದರೆ ಒಂದು ತುಂಡು ಸತ್ತಿತ್ತು. ಎರಡು ತಂತಿ ಮೂಕ, ಉಳಿದೆರಡಕ್ಕೆ ಗುಂಯ್.

ಹಾಫ್ನರ್ ಪಂಗಡ ಮೊದಲ ಸುತ್ತಿನಲ್ಲೇ ಸೋತಿತು. ಜರ್ಮನಿಯ ಪಿಟೀಲು ಕಸುಬಿನವರಾದ ಅವರು 1956ರಲ್ಲಿ ತಂದ ಬೇಸು ಪಿಟೀಲಿನದೇ ಆಕಾರ, ಒಳಗೆ ಪೊಳ್ಳು, ಹಗುರ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಅದನ್ನು ಕೊಂಡದ್ದಕ್ಕೆ ಎರಡು ಕಾರಣ: ಅಗ್ಗ, ಮತ್ತು ಎರಡೂ ಪಕ್ಕ ಒಂದೇ ಥರ ಇದ್ದದ್ದರಿಂದ ಎಡಗೈಯವನಾದ ತಾನು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದು. ರಿಕನ್‌ಬ್ಯಾಕರಿನ ಗುಟ್ಟು ಬೇರೆ. 1957ರ ಅದರ ಬೇಸಿನಲ್ಲಿ ಕತ್ತು ಮೈಯ ನಡುವೆ ಹಾದು ಬುಡದವರೆಗೆ ಒಂದೇ ಮರ. ನಮ್ಮ ಏಕಾಂಡ ವೀಣೆಯ ವಂಶ ಎನ್ನಬೇಕು. ನಮ್ಮದರ ಬೆನ್ನಿಗೆ ನಾಲ್ಕು ತಿರುಪು ಕಾಣುತ್ತಿದ್ದವು, ಹಾಗಾಗಿ ಉದ್ದ ಹೆಸರಿನವನೂ ಸೋತ. ಉಳಿದದ್ದು ಫೆಂಡರ್. ಲಿಯೋ 1965ರಲ್ಲಿ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್‌ಗೆ ಮಾರಿಬಿಟ್ಟ. ಅದಕ್ಕೂ ಮುಂಚಿನವು ಎಂದರೆ ಹಳೇ ಬಾಟಲಿ ಕಂಡ ಸಾರಾಯಿಪ್ರಿಯರಂತೆ ಸಂಗ್ರಹಕಾರರು ಬಾಯಿ ಬಿಡುತ್ತಾರೆ. ತಿರುಪು ಬಿಚ್ಚಿದರೆ ಕತ್ತಿನ ಬುಡದಲ್ಲಿ ಕಾರ್ಖಾನೆಯವರು ಬರೆದ ತಾರೀಖು ಸಿಗುತ್ತದಂತೆ. ಬಿಚ್ಚುವ ಧೈರ್ಯ ನನಗಿರಲಿಲ್ಲ. ಸಡಿಲವಾದ ಮೂರನೆಯ ಮೆಟ್ಟಿಲನ್ನೂ ಕೂರಿಸಬೇಕಿತ್ತು. ಯಾರ ಹತ್ತಿರ ಹೋಗುವುದು?

ನಮ್ಮ ತಾಲ್ಲೂಕಿನಲ್ಲೇ ಸಿಂಪಾಡಿಪುರವಿದೆ. ವೀಣೆ ಮಾಡುವವರ ಊರು, ಪೆನ್ನ ಓಬಳಯ್ಯನವರಂಥ ಕುಶಲಕರ್ಮಿಗಳಿಂದ ಹೆಸರಾದದ್ದು. ಮೆಟ್ಟಿಲು ಎಂದರೆ ಮೆಟ್ಟಿಲು, ಅವರಿಗಿಂತ ಬಲ್ಲವರು ಯಾರು ಎಂದು ಬೇಸರವನ್ನು ಹೆಗಲಿಗೇರಿಸಿ ಮಧುರೆ ಕಡೆಯ ಬಸ್ಸು ಹತ್ತಿದೆ. ಶನಿವಾರ ಎಂಬುದು ಮರೆತಿತ್ತು. ಬಸ್ಸಿನ ತುಂಬ ಶನಿಮಹಾತ್ಮನ ದೇವಸ್ಥಾನಕ್ಕೆ ಹೊರಟ ಜನ, ಎಳ್ಳುಬತ್ತಿಯ ಚೀಲಗಳು. ನನ್ನ ಹೆಗಲ ಮೇಲಿನ ಉದ್ದನೆಯ ಗಂಟನ್ನು ನೋಡಿ ಒಬ್ಬ ಅಜ್ಜಿ ಮರುಗಿ ಕೇಳಿದಳು: "ಎಷ್ಟು ವರ್ಷದಿಂದ ಹೆಗಲೇರೈತೆ ಮಗಾ?" ಮೂವತ್ತು ದಾಟಿತು ಎಂದೆ. "ಏಳೂವರೆಗೆ ಬಿಡಬೇಕಿತ್ತಲ್ಲಪ್ಪ" ಎಂದು ಅವಳಿಗೆ ಆಶ್ಚರ್ಯ.

ನನಗೆ ಸಿಕ್ಕ ಯಜಮಾನರು ಹಲಸಿನ ಮರದ ಕೊಡವೊಂದನ್ನು ಉಳಿಯಿಂದ ತೋಡುತ್ತ ಕೂತಿದ್ದರು. ಸುತ್ತ ಹಳದಿ ಹೊಟ್ಟು. ಸೀರೆ ಬಿಚ್ಚಿ ಎದುರಿಗಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರ ಕೊಡ ಎಲ್ಲಿ ಸಾರ್?"

"ಇದಕ್ಕೆ ಕೊಡ ಇರಲ್ಲ ಯಜಮಾನ್ರೇ. ಇಡೀ ಗಟ್ಟಿ ಮರ."

"ಮತ್ತೆ ನಾದ ಎಲ್ಲಿಂದ ಬತ್ತದೆ?"

"ಕರೆಂಟಿಂದ."

"ಕರೆಂಟ್ ಹೋದ್ರೆ?"

ನಾನು ಸುಮ್ಮನಿದ್ದೆ.

"ಹಂಗಾದ್ರೆ ನಿಮ್ಮೂರಿನ ಮಗ್ಗ ಅನ್ನಿ" ಎಂದು ನಕ್ಕರು.

ಆಮೇಲೆ ಗಿಟಾರಿನ ಕೊಂಬಿಗೆ ಕಿವಿ ಒತ್ತಿ ಒಂದು ತಂತಿ ಮೀಟಿದರು. ಹನ್ನೆರಡನೆಯ ಮೆಟ್ಟಿಲು ಒತ್ತಿ ಮತ್ತೆ ಮೀಟಿದರು. ಮುಖ ಹುಳಿಯಾಯಿತು. ಒಂದು ನೂಲು ತೆಗೆದು ತಂತಿಯ ಈ ತುದಿಯಿಂದ ಆ ತುದಿಗೆ ಹಿಡಿದು, ಅದನ್ನು ಎರಡಾಗಿ ಮಡಿಸಿ, ಹನ್ನೆರಡನೆಯ ಮೆಟ್ಟಿಲಿಗೆ ಇಟ್ಟರು. ಬತ್ತದ ಕಾಳಿನಷ್ಟು ಮುಂದೆ ಹೋಯಿತು. "ಕುದುರೆ ಮುಂದಕ್ಕೆ ಸರಿದೈತೆ" ಎಂದರು. ತಂತಿ ಕೂರುವ ಸೇತುವೆಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ಹಿಂದೆ ಸರಿಸಲು ಪುಟ್ಟ ತಿರುಪುಗಳಿವೆ ಎಂದು ತೋರಿಸಿದೆ. ಅವರಿಗೆ ಅದು ಬಹಳ ಹಿಡಿಸಿತು. 17.817ರ ಲೆಕ್ಕವನ್ನೂ ಹೇಳಿದೆ. ಅದು ಹಿಡಿಸಲಿಲ್ಲ. ವೀಣೆಗೆ 24 ಮೆಟ್ಟಿಲು. ಕರಿಬಣ್ಣದ ಮೇಣದ ಎರಡು ದಿಂಡುಗಳ ಮೇಲೆ ಅವನ್ನು ಒಂದೊಂದಾಗಿ ಕೂರಿಸಿ, ಮೀಟಿ, ಕೇಳಿ, ಕೂದಲೆಳೆಯಷ್ಟು ಜರುಗಿಸಿ, ಮತ್ತೆ ಮೀಟಿ ಕೇಳುವ ಕೆಲಸ. "ಬಿಸಿಲಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಜರುಗ್ತವೆ, ತಿರುಗ ಕೂರಿಸ್ತೀವಿ. ನಿಮ್ಮ ಲೆಕ್ಕ ಜರುಗಿದ್ರೆ ಯಾರು ಕೂರಿಸ್ತಾರೆ?" ಎಂದು ಕೇಳಿದರು. ಇದಕ್ಕೆ ಲಿಯೋ ಏನು ಹೇಳುತ್ತಿದ್ದನೋ.

ಜಾಕೋ ಪಾಸ್ಟೋರಿಯಸ್‌ನ ಕಥೆ ಹೇಳಿದೆ. ಅಮೆರಿಕದ ಆ ಬೇಸ್ ವಿದ್ವಾಂಸ ತನ್ನ 1962ರ ಫೆಂಡರಿನ ಮೆಟ್ಟಿಲುಗಳನ್ನೆಲ್ಲ ಕಿತ್ತುಹಾಕಿ, ಸಂದಿಗೆ ಮರದ ಮೆತ್ತುಗೆ ತುಂಬಿ, ಮೇಲೆ ದೋಣಿಗೆ ಬಳಿಯುವ ಅಂಟು ಬಳಿದು ನುಡಿಸಿದ, ಸ್ವರ ಜಾರಲೆಂದು, ಗಮಕ ಬರಲೆಂದು. "ಗಮಕ ಬೇಕಿದ್ರೆ ತಂತಿ ಎಳೀಬೇಕು, ಮೆಟ್ಟಿಲು ಯಾಕೆ ಕೀಳಬೇಕು?" ಎಂದರು. ವೀಣೆಯವರಿಗೆ ಇದು ಪ್ರಶ್ನೆಯೇ ಅಲ್ಲ. ಬೆರಳಾಡುವ ಪಟ್ಟಿಯ ಮೇಲೆ ಉಗುರು ಎಳೆದು, ಮೂಸಿ, "ಬೀಟೆ" ಎಂದರು. ನನ್ನ ಎದೆ ಹಾರಿತು. ಫೆಂಡರಿನವರು 1959ರಿಂದ ಆ ಪಟ್ಟಿಗೆ ಬ್ರೆಜಿಲ್ಲಿನ ಬೀಟೆ ಬಳಸಿದರು, 60ರ ದಶಕದ ನಡುವಿನಿಂದ ಭಾರತದ್ದು. ಮಲೆನಾಡಿನ ಮರ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಗಿಟಾರಾಗಿ, ದೊಡ್ಡಬಳ್ಳಾಪುರಕ್ಕೆ ಮರಳಿ ಬಂತೇ? ತಡೆಯಲಾರದೆ, ನಾಲ್ಕು ತಿರುಪು ಬಿಚ್ಚಿ ಎಂದೆ.

ಬಿಚ್ಚಿದರು. ಕತ್ತಿನ ಬುಡದಲ್ಲಿ ಪೆನ್ಸಿಲ್ಲಿನ ಬರಹ ಇದ್ದದ್ದು ನಿಜ. ಬಂಗಾಳಿಯಲ್ಲಿತ್ತು. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳ ಆಫೀಸಿನ ಕಲ್ಕತ್ತೆಯ ಹುಡುಗಿ ಓದಿ ಹೇಳಿದಳಂತೆ: 'ಕಪ್ಪು ಬಣ್ಣ, ಎರಡು ಕೋಟು.' ಬೀಟೆ ಪಶ್ಚಿಮ ಘಟ್ಟ ಬಿಟ್ಟು ಹೋಗಿದ್ದರೂ ದೇಶ ಬಿಟ್ಟಿರಲಿಲ್ಲ. ತಲೆಯ ಮೇಲಿನ ಆ 'ಆರ್' ಬಗ್ಗೆಯೂ ಮಗಳೇ ತೀರ್ಪು ಕೊಟ್ಟಳು. "ಅಪ್ಪಾ, ಅದು ಕಂಪನಿ ಹೆಸರಿನ ಆರ್ ಅಲ್ಲ. 'ಗಿಟಾರ್' ಅನ್ನೋದರ ಆರ್." ಆವತ್ತು ಸಂಜೆ ಬೇಸರಕ್ಕೆ ಸುತ್ತಿದ್ದ ಹೊಸ ಸೀರೆ ವಾಪಸು ಬೀರು ಸೇರಿತು.

ಆದರೆ ಮೂರನೆಯ ಮೆಟ್ಟಿಲು ಗಟ್ಟಿಯಾಗಿ ಕೂತಿದೆ. ಕುದುರೆ ಹಿಂದೆ ಸರಿದು ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ನುಡಿಯುತ್ತದೆ. ಪಿಕಪ್ಪಿನ ಒಂದು ತುಂಡು ಸತ್ತೇ ಇದೆ, ಎರಡೇ ತಂತಿ. ದಿನಾ ಸಂಜೆ ಅರ್ಧ ಗಂಟೆ ನುಡಿಸುತ್ತೇನೆ. ಮೊನ್ನೆ ನುಡಿಸುತ್ತಿದ್ದಾಗ ಕರೆಂಟ್ ಹೋಯಿತು, ನನ್ನಾಕೆ ಅಡುಗೆಮನೆಯಿಂದ ಬಂದು "ಯಾಕೆ ನಿಲ್ಲಿಸಿದ್ರಿ?" ಎಂದಳು.

ಇಷ್ಟೆಲ್ಲ ಬರೆದದ್ದಕ್ಕೆ ಒಂದು ಕಾರಣವಿದೆ. ಮೆಕಾರ್ಟ್ನಿಯ ಆ ಹ್ಯಾಂಬರ್ಗಿನ ಬೇಸು 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿ, ಐವತ್ತು ವರ್ಷ ಕಳೆದ ಮೇಲೆ ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕಿತು ಎಂದು 2024ರ ಫೆಬ್ರವರಿಯಲ್ಲಿ ಸುದ್ದಿ ಬಂತು. ಓದಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಆರ್ಕೆಸ್ಟ್ರಾ ಮುಚ್ಚಿದ ರಾತ್ರಿ ಮಾಸ್ಟರು ನನಗೆ ಐದು ಪ್ರೋಗ್ರಾಮಿನ ದುಡ್ಡು ಬಾಕಿ ಇಟ್ಟಿದ್ದರು, ನಾನು ಅವರ ಬೇಸನ್ನು ಒತ್ತೆಯಾಗಿ ಮನೆಗೆ ತಂದಿಟ್ಟುಕೊಂಡೆ. ಅವರಿಗೆ ಹೇಳಿರಲಿಲ್ಲ. ಮಾಸ್ಟರೇ, ನೀವು ಎಲ್ಲಿದ್ದರೂ ಇದನ್ನು ಓದಿದರೆ ಬಂದು ನಿಮ್ಮ ವಸ್ತು ತೆಗೆದುಕೊಂಡು ಹೋಗಿ. ಬಾಕಿ 375 ರೂಪಾಯಿ. ಬಡ್ಡಿ ಬಿಟ್ಟಿದ್ದೇನೆ, ಸಿಂಪಾಡಿಪುರದ ಬಸ್ ಚಾರ್ಜು ಮಾತ್ರ ಬೇರೆ.